ನೌಕರಿಯ ಬಾಗಿಲಲ್ಲಿ ಲೈಂಗಿಕ ಅಲ್ಪಸಂಖ್ಯಾತರು

ವಿದ್ಯಾರ್ಹತೆಯಿದ್ದು, ಅನುಭವವಿದ್ದು, ಸಂದರ್ಶನದಲ್ಲಿ ಸರಿಯಾಗಿ ಉತ್ತರಿಸಿಯೂ, ಒಲವು ಸ್ವಲಿಂಗದವರ ಕಡೆಗಿದೆ ಎಂಬ ಕಾರಣಕ್ಕೆ ಅಭ್ಯರ್ಥಿಯೊಬ್ಬರನ್ನು ಕೆಲಸದಿಂದ ದೂರವಿಡುವುದು ಲೈಂಗಿಕ ಒಲವಿನ ಆಧಾರದ ನೇಮಕಾತಿ ತಾರತಮ್ಯ ಎನಿಸಿಕೊಳ್ಳುತ್ತದೆ. ಸಲಿಂಗಾಸಕ್ತ ಪುರುಷರು, ಸಲಿಂಗಾಸಕ್ತ ಸ್ತ್ರೀಯರು ಮತ್ತು ಸ್ತ್ರೀ-ಪುರುಷರಿಬ್ಬರ ಕಡೆಗೂ ಒಲವುಳ್ಳ ಉಭಯಾಸಕ್ತರು ಇದಕ್ಕೆ ಗುರಿಯಾಗುತ್ತಾರೆ. ಜಾತಿ, ಧರ್ಮಗಳ ಹೆಸರಿನಲ್ಲಿ ನಡೆಯುವ ತಾರತಮ್ಯಕ್ಕೂ ಇದಕ್ಕೂ ಹೋಲಿಕೆ ಬಹಳ. ವ್ಯತ್ಯಾಸವೊಂದೇ: ಇಲ್ಲಿ ಅನ್ಯಾಯಕ್ಕೆ ಒಳಗಾದವರು ದೂರು ಕೊಡಬೇಕಾದರೆ ಮೊದಲು ತಮ್ಮ ಗುಟ್ಟನ್ನು ತಾವೇ ಬಯಲು ಮಾಡಿಕೊಳ್ಳಬೇಕು. ಹಾಗೆ ಮಾಡಿದ ಬಳಿಕ ಮನೆ, ಬಾಡಿಗೆಯ ಕೋಣೆ, ಮುಂದಿನ ನೌಕರಿ ಯಾವುದೂ ಉಳಿದೀತೆಂಬ ಭರವಸೆಯಿಲ್ಲ.

ಇದೇ ವಿಷಯದೊಂದಿಗೆ ಸದಾ ಬೆರೆತುಹೋಗುವ ಇನ್ನೊಂದು ವಿಷಯವಿದೆ. ಹುಟ್ಟಿದಾಗ ಗುರುತಿಸಲಾದ ಲಿಂಗಕ್ಕಿಂತ ಭಿನ್ನವಾಗಿ ಬದುಕುವವರನ್ನು ಲಿಂಗತ್ವ ಅಲ್ಪಸಂಖ್ಯಾತರು ಎಂದು ಕರೆಯಲಾಗುತ್ತದೆ. ಅವರದು ತಾವು ಯಾರು ಎಂಬ ಪ್ರಶ್ನೆ. ಸಲಿಂಗಾಸಕ್ತರದು ತಮ್ಮ ಒಲವು ಯಾರ ಕಡೆಗೆ ಎಂಬ ಪ್ರಶ್ನೆ. ಪತ್ರಿಕೆಗಳು ಎರಡನ್ನೂ ಒಂದೇ ಹೆಸರಿನಡಿ ಬರೆಯುವುದು ರೂಢಿಯಾದರೂ ಕಾನೂನು ಇವರಿಬ್ಬರನ್ನು ಬೇರೆ ಬೇರೆಯಾಗಿ ಕಂಡಿದೆ. ಉದ್ಯೋಗದ ಮಟ್ಟಿಗೆ ಆ ಭೇದವೇ ಬಹು ಮುಖ್ಯವಾದುದು.

<b>ಕಲ್ಲುಕಂಬದಿಂದ ರಾಷ್ಟ್ರಪತಿ ಭವನಕ್ಕೆ</b>

ಹಂಪಿಯ ಹೆಬ್ಬಾಗಿಲೆನಿಸಿದ ಕಮಲಾಪುರದಿಂದ ಹೊಸಪೇಟೆ ಕೂಗಳತೆಯಲ್ಲಿದೆ. ಹೊಸಪೇಟೆಯಿಂದ ಚಿತ್ರದುರ್ಗದ ಹೆದ್ದಾರಿ ಹಿಡಿದರೆ ರಂಗಭೂಮಿಗೆ ಹೆಸರಾದ ಮರಿಯಮ್ಮನಹಳ್ಳಿ ಸಿಗುತ್ತದೆ. ತುಂಗಭದ್ರೆಯ ಆಚೆ ದಡದಲ್ಲಿ, ಕೊಪ್ಪಳ ಜಿಲ್ಲೆಗೆ ಸೇರಿದ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿ. ಈ ಸೀಮೆಯಲ್ಲಿ ಹೆಣ್ಣಿನ ನಡೆ ತೋರಿದ ಗಂಡುಮಕ್ಕಳನ್ನು ದೇವಿಯ ಹೆಸರಿನಲ್ಲಿ ಬಿಡುವ ರೂಢಿ ಹಿಂದಿನಿಂದ ಬಂದದ್ದು. ಉಡಿದಾರ ಹರಿದು, ಮುತ್ತು ಕಟ್ಟಿ, ಸೀರೆ-ಬಳೆ ಕೊಟ್ಟರೆಂದರೆ ಆ ಹುಡುಗ ಮನೆಯ ಮಗನಾಗಿ ಉಳಿಯುವುದಿಲ್ಲ, ಜೋಗಪ್ಪನಾಗುತ್ತಾನೆ. ದೇವಿಯ ಮಗುವೆಂಬ ಗೌರವ ಒಂದು ಕಡೆ. ಜೋಳಿಗೆ ಹಿಡಿದು ಮನೆಮನೆ ತಿರುಗುವುದು ಬಿಟ್ಟರೆ ಬೇರೆ ದುಡಿಮೆಗೆ ಯಾರೂ ಕರೆಯರು ಎಂಬ ಸತ್ಯ ಇನ್ನೊಂದು ಕಡೆ.

ಕಲ್ಲುಕಂಬ ಗ್ರಾಮದಲ್ಲಿ ಹುಟ್ಟಿದ ಮಂಜುನಾಥ ಶೆಟ್ಟಿ ಎಂಬ ಬಾಲಕ ಹೀಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಮಂಜಮ್ಮನಾದದ್ದು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದವರು ಮನೆ ಬಿಟ್ಟ ಮೇಲೆ ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು, ಮಕ್ಕಳಿಗೆ ಪಾಠ ಹೇಳಿಕೊಟ್ಟರು. ಬಳಿಕ ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಮೇಳ ಸೇರಿ ಜೋಗತಿ ನೃತ್ಯವನ್ನೇ ಅನ್ನದ ದಾರಿಯಾಗಿಸಿಕೊಂಡರು. ಮೇಳದ ಹೊಣೆ ಹೊತ್ತು ಆ ಕಲೆಯನ್ನು ಗುಡಿಯ ಅಂಗಳದಿಂದ ರಂಗಮಂದಿರಕ್ಕೆ ತಂದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರ ನವೆಂಬರ್ 9ರಂದು ಪದ್ಮಶ್ರೀ ಅವರನ್ನು ಅರಸಿ ಬಂದವು. ಪ್ರಶಸ್ತಿ ಪಡೆಯುವ ಮುನ್ನ ಸೆರಗು ನೀವಾಳಿಸಿ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ಆ ದೃಶ್ಯವನ್ನು ಮರೆತ ಕನ್ನಡಿಗರು ಕಡಿಮೆ.

ಮಂಜಮ್ಮನವರ ಬದುಕನ್ನು ಸಾಧನೆಯ ಕಥೆಯಾಗಿ ಹೇಳುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಉದ್ಯೋಗದ ಪ್ರಶ್ನೆಯನ್ನಿಟ್ಟು ಅದೇ ಕಥೆಯನ್ನು ಓದಿದರೆ ಬೇರೊಂದು ಅಂಶ ಎದ್ದು ಕಾಣುತ್ತದೆ. ಎಸ್ಸೆಸ್ಸೆಲ್ಸಿ ಓದಿದವರಿಗೆ ಸರ್ಕಾರಿ, ಖಾಸಗಿ ನೌಕರಿಗಳು ದುರ್ಲಭವಲ್ಲದ ಆ ಕಾಲದಲ್ಲಿ ಅವರ ಮುಂದೆ ತೆರೆದಿದ್ದದ್ದು ಭಿಕ್ಷೆ, ಬೀದಿ ವ್ಯಾಪಾರ ಮತ್ತು ಕಲೆ ಮಾತ್ರ. ಇವು ಮೂರೂ ಯಾರೂ ಯಾರನ್ನೂ ನೇಮಿಸಿಕೊಳ್ಳದ ದುಡಿಮೆಗಳು.

<b>ಶೇ. 1ರ ಮೀಸಲಾತಿ</b>

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ‘ನಾಲ್ಸಾ’ ಪ್ರಕರಣದ ತೀರ್ಪಿನಲ್ಲಿ ತೃತೀಯ ಲಿಂಗಿಗಳಿಗೆ ಮನ್ನಣೆ ನೀಡಿ, ಅವರನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ಕಲ್ಪಿಸಲು ಸರ್ಕಾರಗಳಿಗೆ ಸೂಚಿಸಿತು. ಕರ್ನಾಟಕ 2017ರಲ್ಲಿ ತನ್ನದೇ ನೀತಿಯೊಂದನ್ನು ರೂಪಿಸಿತಾದರೂ ನೇಮಕಾತಿ ಅರ್ಜಿಗಳಲ್ಲಿ ‘ಪುರುಷ’, ‘ಮಹಿಳೆ’ ಎಂಬ ಎರಡೇ ಕಾಲಂಗಳು ಮುಂದುವರಿದವು. ರಾಜ್ಯ ಪೊಲೀಸ್ ಇಲಾಖೆಯ ಕಾನ್‌ಸ್ಟೆಬಲ್ ನೇಮಕಾತಿಯಲ್ಲೂ ಹೀಗೆಯೇ ಆದಾಗ ಬೆಂಗಳೂರಿನ ‘ಸಂಗಮ’ ಸಂಸ್ಥೆ ಹೈಕೋರ್ಟ್ ಮೆಟ್ಟಿಲೇರಿತು. ಆ ಮೊಕದ್ದಮೆಯ ಒತ್ತಡದಿಂದಲೇ ಸರ್ಕಾರ 1977ರ ಸಾಮಾನ್ಯ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, 2021ರ ಜುಲೈ 6ರಂದು ಅಧಿಸೂಚನೆ ಹೊರಡಿಸಿತು. ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ನೀಡಿದ ದೇಶದ ಮೊದಲ ರಾಜ್ಯ ಕರ್ನಾಟಕವಾಯಿತು.

ಈ ಮೀಸಲಾತಿ ಅಡ್ಡಸಾಲಿನದು. ಅಂದರೆ ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರತಿಯೊಂದು ಪ್ರವರ್ಗದ ಒಳಗೂ ಶೇ. 1ರಷ್ಟು ಸ್ಥಾನ. ಅರ್ಜಿಯಲ್ಲಿ ‘ಇತರೆ’ ಎಂಬ ಮೂರನೆಯ ಕಾಲಂ ಬಂತು. ಆಯ್ಕೆಯ ವೇಳೆ ತಾರತಮ್ಯ ಎಸಗಬಾರದೆಂಬ ಮಾತನ್ನೂ ನಿಯಮದಲ್ಲಿ ಸೇರಿಸಲಾಯಿತು. ಆದರೆ ಅರ್ಹ ಅಭ್ಯರ್ಥಿಗಳು ಸಿಗದಿದ್ದಲ್ಲಿ ಆ ಸ್ಥಾನಗಳನ್ನು ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಯರಿಂದ ತುಂಬಲು ಅವಕಾಶವಿತ್ತು. ಪರಿಣಾಮ ಬೇಗನೆ ಗೋಚರಿಸಿತು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದಾಗ, ಶೇ. 1ರ ಲೆಕ್ಕದಲ್ಲಿ 150 ಸ್ಥಾನ ದೊರೆಯಬೇಕಾದಲ್ಲಿ ಆಯ್ಕೆ ಪಟ್ಟಿಯಲ್ಲಿ ಕಾಣಿಸಿಕೊಂಡ ಲಿಂಗತ್ವ ಅಲ್ಪಸಂಖ್ಯಾತರು ಮೂವರು. ಮೂವರು ಮೇಷ್ಟ್ರುಗಳು ಶಾಲೆಯ ಮೆಟ್ಟಿಲು ಹತ್ತುವುದು ಸಣ್ಣ ಸಂಗತಿಯಲ್ಲ. ಉಳಿದ ಸ್ಥಾನಗಳಿಗೆ ಬೇಕಾದ ಪದವಿ, ಬಿ.ಎಡ್. ಪಡೆಯುವಷ್ಟು ಕಾಲ ತರಗತಿಯಲ್ಲಿ ಉಳಿಯಲು ಎಷ್ಟು ಜನರಿಗೆ ಸಾಧ್ಯವಾಗಿತ್ತೆಂಬುದು ಬೇರೆ ಪ್ರಶ್ನೆ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20,266. ದೇಶದ ಒಟ್ಟು ಸಾಕ್ಷರತೆ ಶೇ. 74ರಷ್ಟಿದ್ದರೆ ಇವರಲ್ಲಿ ಅದು ಶೇ. 46ರ ಆಸುಪಾಸಿನಲ್ಲಿತ್ತು.

ಕೇಂದ್ರ ಸರ್ಕಾರವೂ 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ತಂದಿತು. 2020ರ ಜನವರಿ 10ರಂದು ಜಾರಿಗೆ ಬಂದ ಈ ಕಾಯ್ದೆ, ನೇಮಕಾತಿ ಮತ್ತು ಬಡ್ತಿಯಲ್ಲಿ ತಾರತಮ್ಯ ಮಾಡಬಾರದೆಂದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಸಂಸ್ಥೆಗಳಿಗೂ ವಿಧಿಸಿತು. ದೂರು ಆಲಿಸುವ ಅಧಿಕಾರಿಯೊಬ್ಬರನ್ನು ಪ್ರತಿಯೊಂದು ಸಂಸ್ಥೆ ನೇಮಿಸಬೇಕೆಂದಿತು.

<b>ಕಾನೂನು ಕಾಣದವರು</b>

ಇಷ್ಟೆಲ್ಲ ಆದ ಮೇಲೆ ಸಲಿಂಗಾಸಕ್ತರಿಗೂ ರಕ್ಷಣೆ ದೊರೆತಿರಬೇಕಲ್ಲವೇ ಎಂದು ಓದುಗರು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವ ಹಾಗಿಲ್ಲ. ನಾಲ್ಸಾ ತೀರ್ಪಿನ ವ್ಯಾಪ್ತಿಯ ಬಗ್ಗೆ ಕೇಂದ್ರ ಸರ್ಕಾರ ಸ್ಪಷ್ಟನೆ ಕೋರಿದಾಗ ಸುಪ್ರೀಂ ಕೋರ್ಟ್ 2016ರ ಜೂನ್ 30ರಂದು, ಸಲಿಂಗಾಸಕ್ತರು ಮತ್ತು ಉಭಯಾಸಕ್ತರು ತೃತೀಯ ಲಿಂಗಿಗಳ ಪರಿಭಾಷೆಗೆ ಒಳಪಡುವುದಿಲ್ಲ ಎಂದು ಹೇಳಿತು. ತರ್ಕದ ದೃಷ್ಟಿಯಿಂದ ಅದು ಸರಿಯೇ. ಆದರೆ ಮುಂದೆ ಬಂದ 2019ರ ಕಾಯ್ದೆಯಾಗಲಿ, ಕರ್ನಾಟಕದ 2021ರ ನಿಯಮವಾಗಲಿ ಅದೇ ಗೆರೆಯೊಳಗೆ ನಿಂತವು. ಗೆರೆಯ ಹೊರಗುಳಿದವರಿಗಾಗಿ ಪ್ರತ್ಯೇಕ ಶಾಸನವೇನೂ ಬರಲಿಲ್ಲ. ಶಶಿ ತರೂರ್ ಅವರು ಲೈಂಗಿಕ ಒಲವನ್ನೂ ಒಳಗೊಂಡ ತಾರತಮ್ಯ ವಿರೋಧಿ ಮಸೂದೆಯೊಂದನ್ನು ಖಾಸಗಿಯಾಗಿ ಲೋಕಸಭೆಯ ಮುಂದಿಟ್ಟಿದ್ದರು. ಅದು ಕಾಯ್ದೆಯಾಗಲಿಲ್ಲ.

ಅವರ ಪಾಲಿಗೆ ಸಿಕ್ಕಿದ್ದು ಸಂವಿಧಾನದ ವ್ಯಾಖ್ಯಾನ. ಅದರ ಹಿಂದೆ ಕನ್ನಡಿಗರೊಬ್ಬರ ಹೆಸರೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವು ಆ ಖಾಸಗಿತನದ ಅವಿಭಾಜ್ಯ ಅಂಗವೆಂದೂ ಹೇಳಿತು. ಇದೇ ತಳಹದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ 377ನೆಯ ಕಲಮಿನ ಭಾಗ ರದ್ದಾಯಿತು. ಸಂವಿಧಾನದ 15ನೆಯ ವಿಧಿಯಲ್ಲಿರುವ ‘ಲಿಂಗ’ ಎಂಬ ಪದದೊಳಗೆ ಲೈಂಗಿಕ ಒಲವೂ ಸೇರುತ್ತದೆಂಬ ವ್ಯಾಖ್ಯಾನ ಆ ತೀರ್ಪಿನಲ್ಲಿದೆ.

ಹೀಗಾಗಿ ಸರ್ಕಾರಿ ಕಚೇರಿಯೊಂದು ಸಲಿಂಗಾಸಕ್ತನೆಂಬ ಕಾರಣಕ್ಕೆ ಅಭ್ಯರ್ಥಿಯನ್ನು ತಿರಸ್ಕರಿಸಿದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹೂಡಲು ದಾರಿಯಿದೆ. ಖಾಸಗಿ ಕಾರ್ಖಾನೆ, ಹೋಟೆಲು, ಶಾಲೆ, ಗುತ್ತಿಗೆದಾರರ ಮಾತು ಬಂದಾಗ ಈ ದಾರಿ ಅಷ್ಟು ಸುಗಮವಲ್ಲ; ಮೂಲಭೂತ ಹಕ್ಕುಗಳು ಪ್ರಧಾನವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ನೌಕರಿಯ ಬಹುಪಾಲು ಇರುವುದು ಖಾಸಗಿಯವರ ಬಳಿ.

<b>ಬರೆದು ಕೊಟ್ಟ ಕಾರಣಗಳು</b>

ನೇಮಕಾತಿಯಲ್ಲಿ ‘ಇಲ್ಲ’ ಎನ್ನುವವರು ಏಕೆಂದು ಹೇಳುವುದಿಲ್ಲ. ಹೇಳಬೇಕಾದ ನಿರ್ಬಂಧವೂ ಇಲ್ಲ. ದೇಶದಲ್ಲಿ ಈ ಬಗೆಯ ತಾರತಮ್ಯ ದಾಖಲೆಗೆ ಬಂದದ್ದು ಬಹುಮಟ್ಟಿಗೆ ಕಾರಣ ಕಾಗದದ ಮೇಲೆ ಮೂಡಿದ ಕೆಲವೇ ಪ್ರಕರಣಗಳಲ್ಲಿ.

ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಾಸ್ ಅವರದು ಮೊದಲನೆಯದು. 2010ರ ಫೆಬ್ರವರಿಯಲ್ಲಿ ಅವರ ನಿವಾಸಕ್ಕೆ ನುಗ್ಗಿದವರು ಖಾಸಗಿ ಕ್ಷಣಗಳನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ನುಗ್ಗಿದವರನ್ನು ಬಿಟ್ಟು ಪ್ರಾಧ್ಯಾಪಕರನ್ನೇ ಅಮಾನತು ಮಾಡಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ನೀಡಿತು. ಏಪ್ರಿಲ್ 7ರಂದು ಅವರು ತಮ್ಮ ಬಾಡಿಗೆ ಮನೆಯಲ್ಲಿ ಶವವಾಗಿ ಪತ್ತೆಯಾದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು.

ಉತ್ತರ ಪ್ರದೇಶದಲ್ಲಿ ಗೃಹರಕ್ಷಕರೊಬ್ಬರನ್ನು ಸಲಿಂಗ ಸಂಬಂಧದ ಕಾರಣ ನೀಡಿ 2019ರಲ್ಲಿ ಕೆಲಸದಿಂದ ತೆಗೆಯಲಾಗಿತ್ತು. 377ನೆಯ ಕಲಮು ರದ್ದಾಗಿ ಆಗಲೇ ತಿಂಗಳುಗಳು ಕಳೆದಿದ್ದವೆಂಬುದು ಗಮನಾರ್ಹ. 2021ರ ಫೆಬ್ರವರಿಯಲ್ಲಿ ಅದೇ ಅಲಹಾಬಾದ್ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿ, ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿತು.

ಇವೆರಡೂ ಕೆಲಸದಲ್ಲಿದ್ದವರ ಕಥೆ. ನೇಮಕಾತಿಯದೇ ಆದ ಪ್ರಕರಣವೊಂದು ನ್ಯಾಯಾಂಗದ ಒಳಗೇ ನಡೆಯಿತು. ಹಿರಿಯ ವಕೀಲ ಸೌರಭ್ ಕೃಪಾಲ್ ತಾವು ಸಲಿಂಗಾಸಕ್ತರೆಂಬುದನ್ನು ಮುಚ್ಚಿಟ್ಟವರಲ್ಲ. ಅವರ ಹೆಸರನ್ನು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ 2017ರಲ್ಲಿ ಅಲ್ಲಿಯ ಕೊಲಿಜಿಯಂ ಶಿಫಾರಸು ಮಾಡಿತು. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಲಿಜಿಯಂ ಅದನ್ನು ಅನುಮೋದಿಸಿತು. ಸರ್ಕಾರ ಕಡತವನ್ನು ಹಿಂದಿರುಗಿಸಿತು. 2023ರ ಜನವರಿ 18ರಂದು ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳುಹಿಸಿ, ಸರ್ಕಾರದ ಆಕ್ಷೇಪಗಳನ್ನು ಬಹಿರಂಗವಾಗಿ ಪ್ರಕಟಿಸಿತು. ಅವರ ಸಂಗಾತಿ ವಿದೇಶಿ ಪ್ರಜೆ ಎಂಬುದೊಂದು ಆಕ್ಷೇಪ. ಸಲಿಂಗಾಸಕ್ತರ ಹಕ್ಕುಗಳ ಬಗ್ಗೆ ಅವರಿಗಿರುವ ತೀವ್ರ ಒಲವು ತೀರ್ಪುಗಳಲ್ಲಿ ಪಕ್ಷಪಾತಕ್ಕೆ ಎಡೆಯಾದೀತು ಎಂಬುದು ಇನ್ನೊಂದು. ಲೈಂಗಿಕ ಒಲವಿನ ಕಾರಣಕ್ಕೆ ಹುದ್ದೆ ನಿರಾಕರಿಸುವುದು ಸಂವಿಧಾನದ ತತ್ವಕ್ಕೆ ವಿರುದ್ಧವೆಂದು ಕೊಲಿಜಿಯಂ ಉತ್ತರಿಸಿತು. ಅದರ ಮುಂದಿನ ಎರಡು ವರ್ಷಗಳಲ್ಲೂ ನೇಮಕದ ಆದೇಶ ಹೊರಬೀಳಲಿಲ್ಲ.

ದೇಶದ ಅತ್ಯುನ್ನತ ನ್ಯಾಯಪೀಠದ ಶಿಫಾರಸು ಕೈಯಲ್ಲಿದ್ದ ಅಭ್ಯರ್ಥಿಯ ಪಾಡು ಇದು. ಸಂಡೂರಿನ ಗಣಿ ಕಂಪನಿಗೋ ಹೊಸಪೇಟೆಯ ಹೋಟೆಲಿಗೋ ಅರ್ಜಿ ಹಾಕಿದ ಹುಡುಗನಿಗೆ ‘ಆಮೇಲೆ ತಿಳಿಸುತ್ತೇವೆ’ ಎಂಬ ಮಾತಿನಾಚೆಗೆ ಯಾವ ಕಾರಣವೂ ಸಿಗುವುದಿಲ್ಲ.

<b>ಸಂಶೋಧಕರು ಅಳೆದ ಬಗೆ</b>

ಕಾರಣ ಹೇಳದವರ ಮನಸ್ಸನ್ನು ಅರಿಯಲು ಸಮಾಜಶಾಸ್ತ್ರಜ್ಞರು ಒಂದು ಉಪಾಯ ಕಂಡುಕೊಂಡಿದ್ದಾರೆ. ಅರ್ಹತೆಯಲ್ಲಿ ಸರಿಸಮಾನವಾದ ಎರಡು ಕಾಲ್ಪನಿಕ ಅರ್ಜಿಗಳನ್ನು ಒಂದೇ ಹುದ್ದೆಗೆ ಕಳುಹಿಸುವುದು. ಒಂದರಲ್ಲಿ ಮಾತ್ರ ಅಭ್ಯರ್ಥಿಯ ಹಿನ್ನೆಲೆಯ ಸುಳಿವು ಇಡುವುದು. ಯಾರಿಗೆ ಕರೆ ಬರುತ್ತದೆಂದು ಎಣಿಸುವುದು. ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಇಂಥ ಅಧ್ಯಯನ ಪ್ರಸಿದ್ಧ. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿ, ದಲಿತ ಹಾಗೂ ಮುಸ್ಲಿಂ ಹೆಸರುಗಳಿಗೆ ಕರೆ ಕಡಿಮೆ ಬರುವುದನ್ನು ಅವರು ತೋರಿಸಿದರು.

ಲೈಂಗಿಕ ಒಲವಿನ ವಿಷಯದಲ್ಲಿ ಬಹುವಾಗಿ ಉಲ್ಲೇಖಗೊಳ್ಳುವುದು ಆಂದ್ರಾಶ್ ಟಿಲ್ಚಿಕ್ ಅಮೆರಿಕದ ಏಳು ರಾಜ್ಯಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ. 1,769 ಹುದ್ದೆಗಳಿಗೆ ಎರಡೆರಡು ಅರ್ಜಿ ಹೋದವು. ಒಂದರಲ್ಲಿ, ಕಾಲೇಜಿನ ಸಲಿಂಗಾಸಕ್ತರ ಸಂಘದ ಖಜಾಂಚಿಯಾಗಿದ್ದೆ ಎಂಬ ಒಂದು ಸಾಲು. ಇನ್ನೊಂದರಲ್ಲಿ ಅದರ ಬದಲು ಬೇರೊಂದು ವಿದ್ಯಾರ್ಥಿ ಸಂಘ. ಸಂಘ ಬದಲಾದವರಲ್ಲಿ ಶೇ. 11.5ರಷ್ಟು ಅರ್ಜಿಗಳಿಗೆ ಕರೆ ಬಂದರೆ, ಆ ಒಂದು ಸಾಲಿದ್ದ ಅರ್ಜಿಗಳಲ್ಲಿ ಕರೆ ಬಂದದ್ದು ಶೇ. 7.2ಕ್ಕೆ. ಅಂದರೆ ಮೊದಲಿನವನು ಒಂಬತ್ತು ಅರ್ಜಿಗೆ ಒಂದು ಸಂದರ್ಶನ ಪಡೆದರೆ ಎರಡನೆಯವನು ಹದಿನಾಲ್ಕು ಅರ್ಜಿ ಹಾಕಬೇಕು. ಜಾಹೀರಾತಿನಲ್ಲಿ ಗಂಡುಗಲಿತನ ಸೂಚಿಸುವ ವಿಶೇಷಣಗಳನ್ನು ಬಳಸಿದ ಕಂಪನಿಗಳಲ್ಲಿ ಅಂತರ ಇನ್ನೂ ಹೆಚ್ಚಿತ್ತು. ಸಲಿಂಗಾಸಕ್ತ ಸ್ತ್ರೀಯರ ಬಗ್ಗೆ ಆಸ್ಟ್ರಿಯಾದಲ್ಲಿ, ಪುರುಷರ ಬಗ್ಗೆ ಗ್ರೀಸಿನಲ್ಲಿ ನಡೆದ ಪ್ರಯೋಗಗಳೂ ಇದೇ ದಿಕ್ಕನ್ನು ತೋರಿವೆ.

ಇಲ್ಲಿ ಒಂದು ಮಾತು ಹೇಳಬೇಕು. ಪಶ್ಚಿಮದ ಈ ಪ್ರಯೋಗಗಳಲ್ಲಿ ಸುಳಿವು ಅರ್ಜಿಯ ಕಾಗದದಲ್ಲಿತ್ತು. ನಮ್ಮಲ್ಲಿ ಯಾರೂ ಅರ್ಜಿಯಲ್ಲಿ ಹಾಗೆ ಬರೆಯುವುದಿಲ್ಲ. ನಮ್ಮ ಸಂದರ್ಶನಗಳಲ್ಲಿ ಸುಳಿವನ್ನು ಹೊರಗೆಳೆಯುವ ಪ್ರಶ್ನೆಗಳೇ ಬೇರೆ.

<b>‘ಮದುವೆ ಯಾಕೆ ಆಗಿಲ್ಲ?’</b>

ಕಮಲಾಪುರದ ಸುತ್ತಣ ಸೀಮೆಯ ದುಡಿಮೆ ವಿಚಿತ್ರ ಮಿಶ್ರಣ. ಕಮಲಾಪುರ, ಕಂಪ್ಲಿಗಳಲ್ಲಿ ಕಬ್ಬು, ಬಾಳೆ, ಭತ್ತದ ಹೊಲಗದ್ದೆಗಳು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬೆಳೆದ ವಸತಿಗೃಹ, ಹೋಟೆಲು, ಗೈಡು, ಆಟೋಗಳ ಪ್ರಪಂಚ. ಸಂಡೂರು ತಾಲ್ಲೂಕಿನ ಕಬ್ಬಿಣದ ಅದಿರಿನ ಗಣಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇವುಗಳ ಜೊತೆಗೆ ಪುರಾತತ್ವ ಇಲಾಖೆ, 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯ ಮುಂತಾದ ಸರ್ಕಾರಿ ನೆಲೆಗಳು. ಪರೀಕ್ಷೆ ಬರೆದು ಸೇರುವ ಹುದ್ದೆಗಳು ಇಲ್ಲಿ ಬೆರಳೆಣಿಕೆಯಷ್ಟು. ಉಳಿದುದೆಲ್ಲ ‘ನಮ್ಮೂರ ಹುಡುಗ’, ‘ನಮ್ಮ ಮೇಸ್ತ್ರಿಗೆ ಗೊತ್ತಿರುವವನು’ ಎಂಬ ಪರಿಚಯದ ಮೇಲೆ ನಡೆಯುತ್ತದೆ. ಪರಿಚಯದ ನೇಮಕಾತಿ ಬಡವರಿಗೆ ಆಸರೆಯೂ ಹೌದು. ಅದೇ ಪರಿಚಯ ಊರ ಗುಸುಗುಸುವನ್ನೂ ಕಚೇರಿಯೊಳಕ್ಕೆ ಹೊತ್ತು ತರುತ್ತದೆ.

ಊರಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸಂದರ್ಶನಕ್ಕೆ ಕುಳಿತವರಿಗೆ ತಂದೆಯ ಉದ್ಯೋಗ, ಒಡಹುಟ್ಟಿದವರ ಸಂಖ್ಯೆ, ಮದುವೆಯ ವಿಚಾರ ಕೇಳುವುದು ಅಸಭ್ಯವೆಂದು ಯಾರೂ ಎಣಿಸುವುದಿಲ್ಲ. ಮೂವತ್ತು ದಾಟಿದ ಪುರುಷನಿಗೆ ‘ಯಾಕೆ ಇನ್ನೂ ಆಗಿಲ್ಲ?’ ಎಂಬ ಪ್ರಶ್ನೆ ಎದುರಾಗುತ್ತದೆ. ಹೆಣ್ಣುಮಗಳಿಗೆ ‘ಮದುವೆಯಾದರೆ ಕೆಲಸ ಬಿಡುತ್ತೀರಾ?’ ಎಂಬ ಪ್ರಶ್ನೆ ಅದಕ್ಕೂ ಮೊದಲೇ. ಸುಳ್ಳು ಹೇಳುವುದು ಒಂದು ದಾರಿ. ಅದಕ್ಕೆ ಬಳಿಕ ದಿನವೂ ಇನ್ನಷ್ಟು ಸುಳ್ಳು ಜೋಡಿಸುತ್ತ ಹೋಗಬೇಕು. ಸಹೋದ್ಯೋಗಿಗಳು ಮನೆಗೆ ಬಂದರೆ, ಹಬ್ಬಕ್ಕೆ ಕರೆದರೆ, ಯಾರಾದರೂ ಹೆಣ್ಣು ನೋಡಿಕೊಟ್ಟರೆ ಏನು ಹೇಳುವುದೆಂದು ಮೊದಲೇ ಯೋಚಿಸಿರಬೇಕು. ಇನ್ನೊಂದು ದಾರಿ, ಒಲ್ಲದ ಮದುವೆ. ಅದರ ಬೆಲೆಯನ್ನು ತೆರುವವರಲ್ಲಿ ಏನೂ ಅರಿಯದ ಹೆಣ್ಣುಮಗಳೊಬ್ಬಳೂ ಇರುತ್ತಾಳೆ. ಉಭಯಾಸಕ್ತರಿಗೆ ಇಂಥ ಮದುವೆ ಸುಲಭವೆಂದು ಭಾವಿಸುವವರಿದ್ದಾರೆ. ಮುಚ್ಚಿಡುವ ಹೊರೆ ಅವರಿಗೂ ತಪ್ಪಿದ್ದಲ್ಲ.

ನಡೆ, ನುಡಿ, ಕೈ ತಿರುಗಿಸುವ ರೀತಿ ಇವು ಇನ್ನೊಂದು ಜರಡಿ. ಹೆಣ್ಣಿಗನೆಂದು ಶಾಲೆಯಲ್ಲಿ ಗೇಲಿಗೊಳಗಾದ ಹುಡುಗನಿಗೆ ಸಂದರ್ಶನದ ಕೊಠಡಿಯಲ್ಲೂ ಅದೇ ನಗು ಕಾದಿರುತ್ತದೆ. ಆತ ಸಲಿಂಗಾಸಕ್ತನೋ ಅಲ್ಲವೋ ಎಂಬುದು ಅಲ್ಲಿ ಯಾರಿಗೂ ಬೇಕಿರುವುದಿಲ್ಲ. ಈ ತಾರತಮ್ಯ ಸಲಿಂಗಾಸಕ್ತರಲ್ಲದವರನ್ನೂ ಹೊಡೆಯುವುದು ಹೀಗೆ.

<b>ಬೆಂಗಳೂರಿನ ದಾರಿ</b>

ಉತ್ತರ ಕರ್ನಾಟಕದ ಊರುಗಳಿಂದ ಬೆಂಗಳೂರಿಗೆ ರೈಲು ಹತ್ತುವವರೆಲ್ಲರೂ ಸಂಬಳಕ್ಕಾಗಿಯೇ ಹತ್ತುವುದಿಲ್ಲ. ರಾಜಧಾನಿಯಲ್ಲಿ 1994ರಲ್ಲೇ ಸಲಿಂಗಾಸಕ್ತರ ‘ಗುಡ್ ಆ್ಯಸ್ ಯೂ’ ಬಳಗ ಹುಟ್ಟಿತ್ತು. 1999ರಲ್ಲಿ ಸಂಗಮ ಆರಂಭವಾಯಿತು. ಪಿಯುಸಿಎಲ್ ಸಂಸ್ಥೆಯ ಕರ್ನಾಟಕ ಘಟಕ 2001ರಲ್ಲಿ ಬೆಂಗಳೂರನ್ನು ಆಧರಿಸಿ ಹೊರತಂದ ಸತ್ಯಶೋಧನಾ ವರದಿ, ಪೊಲೀಸರ ಹಾಗೂ ಕುಟುಂಬದ ಹಿಂಸೆಯ ಜೊತೆಗೆ ಕೆಲಸದ ಸ್ಥಳದ ತೊಂದರೆಗಳನ್ನೂ ದಾಖಲಿಸಿತು. ಇದೇ ಸಂಗಮದಲ್ಲಿ ಕಚೇರಿ ಸಹಾಯಕಿಯಾಗಿ ಸೇರಿದ ಎ. ರೇವತಿ ಮುಂದೆ ಅದರ ನಿರ್ದೇಶಕಿಯ ಸ್ಥಾನದವರೆಗೆ ಏರಿದರು. ಅವರ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡ ಓದುಗರಿಗೆ ಪರಿಚಿತ.

2010ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನ ಕಂಪನಿಗಳು ತಾವಾಗಿಯೇ ನಿಯಮ ಮಾಡಿಕೊಳ್ಳಲು ತೊಡಗಿದವು. ಇನ್ಫೋಸಿಸ್‌ನಲ್ಲಿ ‘ಇಗ್ಲೂ’ ಎಂಬ ಉದ್ಯೋಗಿಗಳ ಬಳಗ ರೂಪುಗೊಂಡಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ನೇಮಕಾತಿ ನೀತಿಯಲ್ಲಿ ಲೈಂಗಿಕ ಒಲವಿನ ಹೆಸರನ್ನೇ ನಮೂದಿಸಿದವು. ಇದರ ಹಿಂದೆ ಬರೀ ಔದಾರ್ಯವಿತ್ತೆನ್ನಲಾಗದು. ಐರೋಪ್ಯ ಒಕ್ಕೂಟ 2000ದಲ್ಲೇ ಇಂಥ ತಾರತಮ್ಯವನ್ನು ಉದ್ಯೋಗದಲ್ಲಿ ನಿಷೇಧಿಸಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 2020ರ ಜೂನ್ 15ರಂದು ಬೋಸ್ಟಾಕ್ ಪ್ರಕರಣದಲ್ಲಿ, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ‘ಲಿಂಗ’ ಎಂಬ ಪದದೊಳಗೇ ಈ ರಕ್ಷಣೆ ಅಡಗಿದೆಯೆಂದಿತು. ಅಲ್ಲಿನ ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಕಂಪನಿಗಳಿಗೆ ಆ ನಿಯಮಗಳ ಗಾಳಿ ತಾಗದಿರದು. ಆದರೆ ಕಂಪನಿಯ ನೀತಿ ಕಂಪನಿಯ ಕಾಂಪೌಂಡಿನೊಳಗೇ ಉಳಿಯುತ್ತದೆ. ಗೇಟಿನ ಕಾವಲುಗಾರ, ಕ್ಯಾಂಟೀನಿನ ಅಡುಗೆಯವರು, ವಾಹನ ಚಾಲಕರು ಗುತ್ತಿಗೆದಾರರ ಆಳುಗಳು. ನೀತಿಯ ಕಾಗದ ಅವರವರೆಗೆ ಇಳಿಯುವುದು ಅಪರೂಪ.

ಗಣಿ-ಉಕ್ಕಿನ ಉದ್ಯಮ ಇದಕ್ಕೆ ಹೊರತಾಗಿರಲೇಬೇಕೆಂದಿಲ್ಲ. ಟಾಟಾ ಸ್ಟೀಲ್ 2021ರ ಡಿಸೆಂಬರ್‌ನಲ್ಲಿ ಜಾರ್ಖಂಡದ ವೆಸ್ಟ್ ಬೊಕಾರೊ ಗಣಿಯಲ್ಲಿ ಭಾರಿ ಯಂತ್ರಗಳನ್ನು ನಡೆಸಲು 14 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ನೇಮಿಸಿಕೊಂಡಿತು. ಸಂಡೂರಿನ ಗುಡ್ಡಗಳಲ್ಲಿ ಓಡಾಡುವ ಟಿಪ್ಪರು, ಅಗೆಯುವ ಯಂತ್ರಗಳೂ ಅದೇ ಜಾತಿಯವು. ನೇಮಕ ಪತ್ರ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದಕ್ಕೆ ಕೊಚ್ಚಿ ಮೆಟ್ರೊ ನಿದರ್ಶನ. 2017ರಲ್ಲಿ ಅದು 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಸೇರಿಸಿಕೊಂಡಾಗ ದೇಶವೇ ಕೊಂಡಾಡಿತು. ನಗರದಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವವರಿರಲಿಲ್ಲ. ಲಾಡ್ಜಿನ ಬಾಡಿಗೆಗೇ ಸಂಬಳ ಸವೆದುಹೋಗಿ ಹಲವರು ವಾರಗಳಲ್ಲೇ ಕೆಲಸ ಬಿಟ್ಟರು.

<b>ಇರುವ ದಾರಿಗಳು</b>

2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಜೇನ್ ಕೌಶಿಕ್ ಪ್ರಕರಣದಲ್ಲಿ ನೀಡಿದ ತೀರ್ಪು ಈಚಿನ ಮೈಲಿಗಲ್ಲು. ಲಿಂಗ ಗುರುತು ತಿಳಿಯುತ್ತಲೇ ಉತ್ತರ ಪ್ರದೇಶ ಮತ್ತು ಗುಜರಾತಿನ ಖಾಸಗಿ ಶಾಲೆಗಳಲ್ಲಿ ಕೆಲಸದಿಂದ ವಂಚಿತರಾದ ಶಿಕ್ಷಕಿಯ ಅರ್ಜಿ ಅದು. ನ್ಯಾಯಾಲಯ ಪರಿಹಾರಕ್ಕೆ ಆದೇಶಿಸಿದ್ದಲ್ಲದೆ, 2019ರ ಕಾಯ್ದೆಯನ್ನು ಸರ್ಕಾರಗಳು ಕಾಗದದ ಮೇಲೆ ಮಲಗಿಸಿದ್ದನ್ನು ಖಂಡಿಸಿ, ಸಮಾನ ಅವಕಾಶ ನೀತಿಯನ್ನು ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಅವರಿಗೂ ಅದರಲ್ಲಿ ಸ್ಥಾನ ದೊರೆಯಿತು. ಖಾಸಗಿ ಶಾಲೆಯೊಂದರ ನೇಮಕಾತಿ ದೇಶದ ಅತ್ಯುಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದುದು ಆ ಶಿಕ್ಷಕಿಯ ಕೈಯಲ್ಲಿ ಕಾಯ್ದೆಯೊಂದು ಇದ್ದುದರಿಂದ.

ಸಲಿಂಗಾಸಕ್ತ ಅಭ್ಯರ್ಥಿಯ ಕೈಯಲ್ಲಿ ಅಂಥ ಕಾಯ್ದೆಯಿಲ್ಲ. ನೆರೆಯ ನೇಪಾಳ 2015ರ ತನ್ನ ಸಂವಿಧಾನದಲ್ಲೇ ಲಿಂಗ ಹಾಗೂ ಲೈಂಗಿಕ ಅಲ್ಪಸಂಖ್ಯಾತರನ್ನು ಹೆಸರಿಸಿದೆ. ಭಾರತ 1960ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಾರತಮ್ಯ ವಿರೋಧಿ ಒಡಂಬಡಿಕೆ 1958ರದು. ಅದರ ಪಟ್ಟಿಯಲ್ಲಿ ಲೈಂಗಿಕ ಒಲವು ಇಲ್ಲ.

ಸಣ್ಣದೊಂದು ಕಿಂಡಿ ಅನಿರೀಕ್ಷಿತ ಜಾಗದಲ್ಲಿ ತೆರೆದಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಸಮಾನ ಸಂಭಾವನೆಯ 1976ರ ಕಾಯ್ದೆಯ ಜಾಗಕ್ಕೆ ಬಂದ ಈ ಸಂಹಿತೆಯ 3ನೆಯ ಕಲಮು, ಕೆಲಸಕ್ಕೆ ಸೇರಿಸಿಕೊಳ್ಳುವಾಗ ‘ಲಿಂಗ’ದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂದು ಮಾಲೀಕರಿಗೆ ಹೇಳುತ್ತದೆ. ಖಾಸಗಿ ಮಾಲೀಕರೂ ಇದರ ವ್ಯಾಪ್ತಿಯಲ್ಲಿದ್ದಾರೆ. ಹಳೆಯ ಕಾಯ್ದೆ ಸ್ತ್ರೀ-ಪುರುಷ ಭೇದವನ್ನಷ್ಟೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿತ್ತು. ನವತೇಜ್ ತೀರ್ಪು ಸಂವಿಧಾನದ ‘ಲಿಂಗ’ಕ್ಕೆ ಕೊಟ್ಟ ಅರ್ಥ ಈ ಸಂಹಿತೆಯ ‘ಲಿಂಗ’ಕ್ಕೂ ಸಲ್ಲುತ್ತದೆಯೆಂದು ವಾದಿಸಲು ಅವಕಾಶವಿದೆ. ಅಮೆರಿಕದಲ್ಲಿ ಬೋಸ್ಟಾಕ್ ಗೆದ್ದದ್ದು ಇಂಥದೇ ವಾದದಿಂದ. ಆ ವಾದ ಮಂಡನೆಯಾಗಬೇಕಾದರೆ ಅಭ್ಯರ್ಥಿಯೊಬ್ಬರು ವಕಾಲತ್ತಿಗೆ ಸಹಿ ಹಾಕಿ, ತಮ್ಮ ಹೆಸರು, ತಂದೆಯ ಹೆಸರು, ಊರು, ಅದರೊಂದಿಗೆ ತಮ್ಮ ಒಲವನ್ನೂ ಅರ್ಜಿಯ ಮೊದಲ ಪುಟದಲ್ಲಿ ಬರೆಯಬೇಕು.